ಒಂದು ಮಾತು ಕೇಳಿದ್ರ ಮುಗೀತಿತ್ತು

ಮೊನ್ನೆ ಮಂಗಳವಾರ ನಮ್ಮ ಮನ್ಯಾಗ ಒಂದು ಲೀಟರ್ ಹಾಲು ಉಕ್ಕಿ ಒಲಿ ಪಾಲಾತು. ಕಾಸ್ಲಿಕ್ಕೆ ಇಟ್ಟು, ಅಡಗಿಮನಿ ಕಟ್ಟಿಗೆ ಆನಿಕೊಂಡು, ಉಕ್ಕೂದರೊಳಗ ಎರಡು ಪುಟ ಓದೋಣ ಅಂತ ಪುಸ್ತಕ ತಗದಿದ್ದೆ. ಆ ಪುಸ್ತಕದಾಗ ಒಬ್ಬ ಹುಡುಗಿ ದಾರಿಯೊಳಗ ಪೆಟ್ರೋಲ್ ಬಂಕಿನ್ಯಾಗ ಕಾರು ನಿಲ್ಲಿಸಿ ಕೈ ತೊಳಕೊಳ್ಳಿಕ್ಕೆ ಒಳಗ ಹೋಗಿದ್ಲು, ಯಾರೋ ಹಿಂದಿನಿಂದ ಬಂದು ಅಕಿ ಎಡಗೈ ಜಜ್ಜಿಬಿಟ್ರು. ಅಂಥಾ ಹೊತ್ತಿನ್ಯಾಗ ಹಾಲಿನ ಕಡೆ ಯಾರ ಲಕ್ಷ್ಯ ಇರ್ತದ ಹೇಳ್ರಿ? ನಮ್ಮನಿಯವರು ಪಡಸಾಲಿಯಿಂದ "ಏನೋ ಸೀದ ವಾಸನಿ ಬರ್ಲಿಕತ್ತದಲ್ಲ" ಅಂದಾಗ ನಾ ಫ್ರಾನ್ಸಿನಿಂದ ಧಾರವಾಡಕ್ಕ ವಾಪಸ್ ಬಂದೆ.

"ಈ ವಯಸ್ಸಿನ್ಯಾಗ ನಿನಗ ಖೂನಿ ಕಥಿ ಯಾಕ ಬೇಕು? ದೇವರ ನಾಮಾ ಬರಕೋತ ಕೂಡು" ಅಂದ್ರು. ನಾ ಏನೂ ಅನ್ನಲಿಲ್ಲ, ಗ್ಯಾಸಿನ ಬರ್ನರ್ ತಗದು ತಿಕ್ಕಿದೆ. ಆದ್ರ ತಿಕ್ಕೂಮುಂದ ವಿಚಾರ ಮಾಡಿದೆ, ಖರೇನ ಯಾಕ ಬೇಕು? ಮೂರು ವರ್ಷದಿಂದ ಈ ಫ್ರೆಂಚ್ ಕಾದಂಬರಿಗಳ ಹುಚ್ಚು ಹಿಡಕೊಂಡದ. ಅದರಿಂದ ಸುಖಾನೂ ಆಗ್ಯದ, ಒಂದು ದೊಡ್ಡ ತಪ್ಪೂ ಆಗ್ಯದ. ಎರಡನ್ನೂ ಬರೀತೀನಿ. ನೀವೆಲ್ಲಾ ಮನಿ ಮಂದಿ, ಮುಚ್ಚಿ ಇಡೂದು ಏನದ?

ಮೊದಲ ಇದು ಹೆಂಗ ಸುರು ಆತು ಅಂತ ಹೇಳ್ತೀನಿ. ಸಣ್ಣಾಕಿ ಇದ್ದಾಗ ನಮ್ಮ ಓಣಿ ವಾಚನಾಲಯದಾಗ ಎನ್. ನರಸಿಂಹಯ್ಯ ಅವರ ಪತ್ತೇದಾರಿ ಕಾದಂಬರಿ ಇರ್ತಿದ್ವು. ಅಪ್ಪಗ ಕಾಣಧಂಗ ಪಠ್ಯಪುಸ್ತಕದ ನಡುವ ಇಟಗೊಂಡು ಓದಿದವರು ನಿಮ್ಮೊಳಗೂ ಭಾಳ ಮಂದಿ ಇದ್ದೀರಿ, ಸುಮ್ಮನ ನಗಬ್ಯಾಡ್ರಿ. ಪಿಯುಸಿ ಮುಗೀತು, ಮದುವಿ ಆತು, ಪತ್ತೇದಾರಿಕೆ ಎಲ್ಲಾ ಸಕ್ರಿ ಡಬ್ಬಿ ಯಾರು ಖಾಲಿ ಮಾಡಿದ್ರು ಅನ್ನೂದಕ್ಕ ಬಂದು ನಿಂತಿತು. ನನ್ನ ಮಗಳು ಬೆಂಗಳೂರಾಗ ಪಿಯುಸಿ ಓದೂಮುಂದ ಮಾರ್ಕ್ಸ್ ಛಲೋ ಬೀಳ್ತಾವ ಅಂತ ಫ್ರೆಂಚ್ ತಗೊಂಡಿದ್ಲು. ಆ ಭಾಷಾ ಅಕಿಗೆ ಎಷ್ಟು ಬಂತೋ ದೇವರಿಗೇ ಗೊತ್ತು, ಅಲ್ಲಿಯ ಕಾದಂಬರಿ ರುಚಿ ಮಾತ್ರ ಹತ್ತಿತು. ಇಂಗ್ಲಿಷಿಗೆ ಅನುವಾದ ಆದ ಪುಸ್ತಕ ತಂದು ತಂದು ನನ್ನ ಕಪಾಟಿನ್ಯಾಗ ಒಟ್ಟಿ ಹೋಗ್ಯಾಳ. ನನ್ನ ಇಂಗ್ಲಿಷ್ ನಿಮಗ ಗೊತ್ತದ. ಮಗ್ಗಲದಾಗ ಮೊಬೈಲ್ ಇಟಗೊಂಡು, ತಿಳೀಲಾರದ ಶಬ್ದ ನೋಡಕೋತ, ದಿನಕ್ಕ ಹತ್ತು ಪುಟ. ನಿಧಾನ ಓದೂದೂ ಒಂದು ಲಾಭ ನೋಡ್ರಿ. ಅವರು ಸಣ್ಣಾಗಿ ಬಚ್ಚಿಟ್ಟದ್ದು ಜೋರ್ ಓದೋರಿಗಿಂತ ನಮಗ ಲಗೂ ಕಾಣಿಸ್ತದ.

ಈ ಕಥಿಗಳು ನಮ್ಮ ಹಳೇ ಪತ್ತೇದಾರಿ ಥರ ಅಲ್ಲ. ಅಲ್ಲೆ ಏನ ಇರ್ತಿತ್ತು? ಖೂನಿ ಆಗೂದು, ಪತ್ತೇದಾರ ಬರೂದು, ಎಲ್ಲಾರನ್ನೂ ಪ್ರಶ್ನೆ ಕೇಳೂದು, ಕಡೀಕ ಕಳ್ಳನ್ನ ಹಿಡಿಯೂದು. ನಾವು ಪತ್ತೇದಾರನ ಬಾಜೂಕ ಕುರ್ಚಿ ಹಾಕ್ಕೊಂಡು ಕೂತಂಗ. ಫ್ರಾನ್ಸಿನ್ಯಾಗ ಇಬ್ಬರು ಇದನ್ನ ತಿರುವಿಹಾಕಿದ್ರು. ಪಿಯೆರ್ ಬ್ವಾಲೋ ಅಂತ ಒಬ್ಬರು, ತೊಮಾ ನಾರ್ಸೆಜಾಕ್ ಅಂತ ಇನ್ನೊಬ್ಬರು. 1948ರಾಗ ಒಂದು ಬಹುಮಾನದ ಊಟದಾಗ ಭೆಟ್ಟಿ ಆದ್ರು, ಆಮ್ಯಾಲೆ ಕೂಡೇ ಬರದ್ರು. ಕಥಿ ಹೆಣಿಯೂದು ಬ್ವಾಲೋ ಅವರ ಕೆಲಸ, ಮನುಷ್ಯರನ್ನ, ಅವರ ಮನಸ್ಸನ್ನ, ಆ ಮಬ್ಬು ಹವಾನ ತುಂಬೂದು ನಾರ್ಸೆಜಾಕ್ ಅವರ ಕೆಲಸ. ಒಬ್ಬಾಕಿ ಕಣಕಾ ನಾದಿ ಇನ್ನೊಬ್ಬಾಕಿ ಹೂರಣಾ ರುಬ್ಬಿದಂಗ. ಇವರ ಕಥ್ಯಾಗ ನಮ್ಮ ಕುರ್ಚಿ ಪತ್ತೇದಾರನ ಬಾಜೂಕ ಇರೂದಿಲ್ಲ. ಬಲಿಯೊಳಗ ಸಿಕ್ಕಾಕೊಂಡ ಮನುಷ್ಯಾನ ತಲಿಯೊಳಗ ನಮ್ಮನ್ನ ಕೂಡಿಸಿ ಹೊರಗಿನಿಂದ ಬಾಗಲಾ ಹಾಕ್ತಾರ.

ಅವರು 1952ರಾಗ ಬರದ ಒಂದು ಪುಸ್ತಕಕ್ಕ ಇಂಗ್ಲಿಷಿನ್ಯಾಗ 'ಶೀ ಹೂ ವಾಸ್ ನೋ ಮೋರ್' ಅಂತ ಹೆಸರು. ಊರೂರು ತಿರಗಿ ಮೀನು ಹಿಡಿಯೂ ಸಾಮಾನು ಮಾರೋ ಒಬ್ಬ ಗಂಡ, ಮನ್ಯಾಗ ಹೇಣ್ತಿ, ಹೊರಗ ಒಬ್ಬಾಕಿ ಡಾಕ್ಟರ್ ಗೆಳತಿ. ಇನ್ಶೂರೆನ್ಸಿನ ರೊಕ್ಕದ ಆಶಾಕ್ಕ ಗಂಡಾ ಮತ್ತ ಆ ಡಾಕ್ಟರ್ ಕೂಡಿ ಹೇಣ್ತೀನ ಸ್ನಾನದ ತೊಟ್ಟಿಯೊಳಗ ಮುಳುಗಿಸಿಬಿಡ್ತಾರ. ಮರುದಿನ ನೋಡಿದ್ರ ಹೆಣಾ ಇಟ್ಟ ಜಾಗಾದಾಗ ಇಲ್ಲ! ಅಷ್ಟ ಅಲ್ಲ, ಸತ್ತಾಕಿ ಕೈಬರಹದಾಗ ಪತ್ರ ಬರ್ತದ. ಮುಂದಿಂದು ಹೇಳೂದಿಲ್ಲ. ಇದರ ಮ್ಯಾಲೆ 1955ರಾಗ ಕ್ಲೂಜೊ ಅನ್ನೋ ನಿರ್ದೇಶಕರು ಒಂದು ಸಿನಿಮಾ ತಗದ್ರು. ಅದರ ಕೊನಿಗೆ, ನೀವು ನೋಡಿದ್ದನ್ನ ನಿಮ್ಮ ಗೆಳ್ಯಾರಿಗೆ ಹೇಳಿ ಅವರ ಮಜಾ ಕೆಡಿಸಬ್ಯಾಡ್ರಿ ಅಂತ ಪರದೆ ಮ್ಯಾಲೆ ಬರದು ಕೇಳಿಕೊಂಡಾರ. ಅಂದಮ್ಯಾಲೆ ನಾ ಹೆಂಗ ಹೇಳ್ಲಿ?

ಇನ್ನ ನಮ್ಮಂಥಾವರಿಗೆ ಇದು ಯಾಕ ಇಷ್ಟು ರುಚಿ ಹತ್ತತದ ಅಂತ ನನಗ ತಿಳದದ್ದು ಹೇಳ್ತೀನಿ.

ಒಂದು, ನಮ್ಮ ಕೆಲಸಕ್ಕ ಕೊನಿ ಅನ್ನೂದಿಲ್ಲ. ಭಾಂಡೆ ತಿಕ್ಕಿದ್ರ ಸಂಜಿಗೆ ಮತ್ತ ಭಾಂಡೆ. ಅರಬಿ ಒಗದ್ರ ನಾಳೆ ಮತ್ತ ಅರಬಿ. ಮೂವತ್ತು ವರ್ಷದಾಗ "ಇದು ಮುಗೀತು" ಅಂತ ಕೈ ಝಾಡಿಸಿ ಕೂತ ಕೆಲಸ ಒಂದೂ ನೆನಪಿಲ್ಲ. ಈ ಪುಸ್ತಕದಾಗ ಮುಗೀತದ ನೋಡ್ರಿ. ನೂರು ಪುಟದ ಹಿಂದ ಯಾರೋ ಟೇಬಲ್ ಮ್ಯಾಲೆ ಬಿಟ್ಟು ಹೋದ ಕನ್ನಡಕ ಯಾಕ ಅಲ್ಲಿತ್ತು ಅಂತ ಕೊನೀ ಪುಟದಾಗ ತಿಳೀತದ. ಎಲ್ಲಾ ಸಾಮಾನು ಅದರದರ ಡಬ್ಬಿಯೊಳಗ ಹೋಗಿ ಕೂತಮ್ಯಾಲೆ ಆಗ್ತದಲ್ಲ, ಅಂಥಾ ಸಮಾಧಾನ.

ಎರಡು, ನಮಗ ಇದು ಗೊತ್ತಿದ್ದ ವಿದ್ಯಾನ ಅದ. ಯಾರ ಮಾರಿ ಸಣ್ಣದಾಗ್ಯದ, ಯಾರು ಅರ್ಧಾ ಊಟ ಬಿಟ್ಟು ಎದ್ದರು, ಫೋನ್ ಬಂದಕೂಡ್ಲೆ ಯಾರು ಎದ್ದು ಹೊರಗ ಹೋದ್ರು, ಇದನ್ನೆಲ್ಲಾ ನೋಡಿ ನೋಡಿನ ನಾವು ಸಂಸಾರ ನಡಸೇವಿ. ಬಾಯಿ ಬಿಟ್ಟು ಹೇಳಲಾರದ್ದನ್ನ ತಿಳಕೊಳ್ಳೂದು ಹೆಣ್ಣುಮಕ್ಕಳಿಗೆ ಸಾಲಿಯೊಳಗ ಕಲಿಸಿದ್ದಲ್ಲ, ಬದುಕು ಕಲಿಸಿದ್ದು.

ಮೂರು, ಮೋಸ ಹೋಗೂದರಾಗೂ ಒಂದು ಸುಖ ಅದ, ಆದ್ರ ಮೋಸ ಪ್ರಾಮಾಣಿಕ ಇರಬೇಕು. ಚುಕ್ಕಿ ರಂಗೋಲಿ ನೆನಸ್ಕೊಳ್ರಿ. ಹಾಕೋರು ಎಲ್ಲಾ ಚುಕ್ಕಿ ನಮ್ಮ ಮುಂದ ಇಟ್ಟಿರ್ತಾರ. ನಾವು ನವಿಲು ಅಂತ ತಿಳಕೊಂಡಿರ್ತೀವಿ, ಕೊನೀ ಎಳಿ ಎಳದಾಗ ಕಮಲ ಆಗಿರ್ತದ. ಚುಕ್ಕಿ ಒಂದೂ ಹೆಚ್ಚು ಕಡಿಮಿ ಆಗಿಲ್ಲ. ನಾವ ತಪ್ಪು ಕೂಡಿಸಿಕೊಂಡಿದ್ವಿ. ಛಲೋ ಲೇಖಕ ಹಂಗ ಮಾಡ್ತಾನ. ಸುಮಾರು ಲೇಖಕ ಮಾತ್ರ ಕೊನಿಗೆ ಬಂದು ಎರಡು ಹೊಸಾ ಚುಕ್ಕಿ ಇಟ್ಟು "ನೋಡ್ರಿ ಕಮಲ" ಅಂತಾನ. ಅಂಥಾ ಪುಸ್ತಕ ಮುಚ್ಚಿ ರದ್ದಿಗೆ ಹಾಕ್ರಿ.

ಈ ರಂಗೋಲಿಯೊಳಗ ಎತ್ತಿದ ಕೈ ಸೆಬಾಸ್ಟಿಯನ್ ಜಾಪ್ರಿಸೊ ಅವರದು. ಅವರ ಹೆಸರ ಒಂದು ಒಗಟು. ಖರೇ ಹೆಸರು ಜಾನ್ ಬಾಪ್ತಿಸ್ತ್ ರೊಸ್ಸಿ. ಅದರ ಫ್ರೆಂಚ್ ಅಕ್ಷರ ಅಷ್ಟೂ ಆ ಕಡೆ ಈ ಕಡೆ ಮಾಡಿ ಈ ಹೊಸಾ ಹೆಸರು ಮಾಡಿಕೊಂಡ್ರು. 1963ರಾಗ ಅವರು ಬರದ 'ಟ್ರ್ಯಾಪ್ ಫಾರ್ ಸಿಂಡ್ರೆಲಾ' ಹಿಂಗ ಸುರು ಆಗ್ತದ. ಒಂದು ಮನಿಗೆ ಬೆಂಕಿ ಬೀಳ್ತದ. ಒಳಗ ಇಬ್ಬರು ಹುಡುಗ್ಯಾರು, ಒಬ್ಬಾಕಿ ಸಾಹುಕಾರ, ಒಬ್ಬಾಕಿ ಬಡವಿ. ಒಬ್ಬಾಕಿ ಸಾಯ್ತಾಳ, ಒಬ್ಬಾಕಿ ಉಳೀತಾಳ. ಉಳದಾಕಿ ಮಾರಿ, ಕೈ ಸುಟ್ಟಾವ, ನೆನಪೂ ಹೋಗ್ಯದ. ಹಂಗಾರ ಉಳದಾಕಿ ಯಾರು? ಸತ್ತಾಕಿ ಯಾರು? ಕೊಂದಾಕಿ ಯಾರು? ಕಥಿ ಹೇಳೂ ಹುಡುಗಿ ತಾನ ಪತ್ತೇದಾರ, ತಾನ ಸಾಕ್ಷಿ, ತಾನ ಬಲಿ, ತಾನ ಕೊಲೆಗಾರ್ತಿ ಇರಬಹುದು, ನಾಲ್ಕೂ ಒಬ್ಬಾಕೀನ! ಎರಡು ದಿವಸ ಸಾರಿಗೆ ಉಪ್ಪು ಹಾಕ್ಲಿಕ್ಕೆ ಮರತಿದ್ದೆ ಇದನ್ನ ಓದೂಮುಂದ.

ಹಾಲು ಉಕ್ಕಿಸಿದ ಪುಸ್ತಕಾನೂ ಅವರದ, 1966ರದು. 'ದ ಲೇಡಿ ಇನ್ ದ ಕಾರ್ ವಿತ್ ಗ್ಲಾಸಸ್ ಅಂಡ್ ಎ ಗನ್' ಅಂತ ಉದ್ದಾನುದ್ದ ಹೆಸರು. ಪ್ಯಾರಿಸ್ಸಿನ್ಯಾಗ ಟೈಪ್ ಮಾಡೂ ಒಬ್ಬ ಹುಡುಗಿ, ಡ್ಯಾನಿ. ಕಣ್ಣು ಮಂದ, ದಪ್ಪ ಕನ್ನಡಕ. ಸಾಹೇಬ ಊರಿಗೆ ಹೋಗೂಮುಂದ ಕಾರನ್ನ ಮನಿಗೆ ಒಯ್ದು ಬಿಡು ಅಂತ ಕೊಟ್ಟು ಹೋಗ್ತಾನ. ಅಕಿ ಬಿಡೂದಿಲ್ಲ. ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ ಅಂತ ಸೀದಾ ದಕ್ಷಿಣದ ದಾರಿ ಹಿಡೀತಾಳ. ದಾರಿಯೊಳಗ ಎಲ್ಲಿ ನಿಂತರೂ ಮಂದಿ "ನಿನ್ನೆ ನೀ ಇಲ್ಲೇ ಬಂದಿದ್ದೆಲ್ಲ" ಅಂತಾರ. ಈಕಿ ಆ ದಾರಿಗೆ ಬಂದಾಕಿನ ಅಲ್ಲ! ಬರ್ತ ಬರ್ತ ಅಕಿಗೆ ತನ್ನ ತಲಿ ಮ್ಯಾಲೇನ ಸಂಶಯ ಬರ್ತದ. ಕಾರಿನ ಡಿಕ್ಕಿ ತಗದ್ರ ಒಳಗೊಂದು ಹೆಣ.

ನಮ್ಮ ಭಿಶಿ ಮಂದಿ ಹಪ್ಪಳಾ ಲಟ್ಟಿಸೂಮುಂದ ನಾ ಈ ಕಥಿಗಳನ್ನ ಹೇಳ್ತೀನಿ, ನಿಮಗ ಗೊತ್ತಿದ್ದದ್ದ. ಹಂಗ ಹೇಳಕೋತ ಹೇಳಕೋತ ನನಗ ಒಂದು ಪರೀಕ್ಷಾ ಸಿಕ್ತು. ಎದುರುಮನಿ ಕಾಕು ಪರೀಕ್ಷಾ ಅಂತ ಅದಕ್ಕ ನಾ ಹೆಸರಿಟ್ಟೀನಿ. ಕಥಿ ಮುಗದಮ್ಯಾಲೆ ಕಾಕು ಏನ ಕೇಳ್ತಾರ ಅನ್ನೂದು ಲಕ್ಷ್ಯ ಕೊಟ್ಟು ನೋಡಬೇಕು. ತೊಟ್ಟಿಯೊಳಗ ಮುಳುಗಿಸಿದ ಕಥಿ ಮುಗದಾಗ, "ಆ ಇನ್ಶೂರೆನ್ಸಿನ ರೊಕ್ಕಾ ಎಷ್ಟಿತ್ತ?" ಅಂದ್ರು. ಇನ್ನೊಂದು ಯಾವುದೋ ಬೀಗಾ ಹಾಕಿದ ಖೋಲಿ ಕಥಿ ಹೇಳಿ, ಖೂನಿ ಮಾಡಿದವ ಹೆಂಗ ಒಳಗ ಹೋಗಿ ಹೆಂಗ ಹೊರಗ ಬಂದ ಅಂತ ಅರ್ಧಾ ತಾಸು ಕೈ ತಿರುವಿ ತಿರುವಿ ವಿವರಿಸಿದೆ. ಕಾಕು ಎಲ್ಲಾ ಕೇಳಿ, "ಹಿಟ್ಟಿಗೆ ಪಾಪಡಖಾರ ಹಾಕೀಯೋ ಇಲ್ಲೋ?" ಅಂದ್ರು. ಡ್ಯಾನಿ ಕಥಿ ಹೇಳಿದಾಗ ಹೆಣ ಯಾರದು, ಕೊಂದವರು ಯಾರು, ಎಲ್ಲಾ ಹೇಳಿ ಮುಗಿಸಿದಮ್ಯಾಲೂ ಕಾಕು ಲಟ್ಟಣಗಿ ಹಿಡಕೊಂಡು ಸುಮ್ಮನ ಕೂತಿದ್ರು. ಆಮ್ಯಾಲೆ ಕೇಳಿದ್ರು. "ಅದೆಲ್ಲಾ ಇರ್ಲಿ, ಆ ಹುಡುಗಿ ಸಮುದ್ರ ನೋಡಿದ್ಲೇನು?"

ಇದ ನೋಡ್ರಿ ವ್ಯತ್ಯಾಸ. ಗಂಟು ಬಿಚ್ಚಿದಮ್ಯಾಲೆ ಕೈಯಾಗ ಬರೇ ದಾರ ಉಳೀತೋ, ಒಬ್ಬ ಮನುಷ್ಯ ಉಳದನೋ? ನಾನೂ ಧಾರವಾಡದಾಗ ಹುಟ್ಟಿ ಬೆಳದು ಸಮುದ್ರ ನೋಡಿದ್ದು ಮದುವಿ ಆದಮ್ಯಾಲೆ, ಗೋಕರ್ಣದಾಗ. ಇಲ್ಲಿಂದ ಎಷ್ಟು ದೂರ ಅದ? ಆದ್ರೂ ಯಾರೂ ಕರಕೊಂಡು ಹೋಗಿರಲಿಲ್ಲ. ಅದಕ್ಕ ಡ್ಯಾನಿ ನನಗ ಯಾರೋ ಫ್ರಾನ್ಸಿನಾಕಿ ಅನಿಸಲಿಲ್ಲ.

ಈಗ ಈ ಪುಸ್ತಕಗಳ ಹುಳುಕು ಹೇಳ್ತೀನಿ.

ಮೊದಲನೇದು, ಹುನ್ನಾರ ಅತೀ ಸೂಕ್ಷ್ಮ. ಇಷ್ಟು ಗಂಟೆಗೆ ಇಂವ ಇಲ್ಲೆ ಬರಬೇಕು, ಅಕಿ ಆ ಕಿಡಕಿ ತಗೀಬೇಕು, ಪತ್ರ ಅವತ್ತ ಮುಟ್ಟಬೇಕು. ಒಂದು ಬಸ್ಸು ತಡಾ ಆಗಿದ್ರ ಅರ್ಧಕ್ಕರ್ಧ ಕಾದಂಬರಿ ಇರ್ತಿದ್ದಿಲ್ಲ. ನಾಲ್ಕು ಮಂದೀನ ಹೊತ್ತಿಗೆ ಸರಿಯಾಗಿ ಊಟಕ್ಕ ಕೂಡಿಸಲಿಕ್ಕೆ ನಮ್ಮ ಕಡಿಂದ ಆಗೂದಿಲ್ಲ, ಇವರು ಹೆಂಗ ಇಡೀ ಊರನ್ನ ನಿಮಿಷದ ಲೆಕ್ಕದಾಗ ಕುಣಸ್ತಾರ?

ಎರಡನೇದು, ಹೆಣ್ಣುಮಕ್ಕಳ ಹಿಂಸಾ. "ನಿನಗ ಭ್ರಮಾ, ನಿನ್ನ ತಲಿ ಸರಿ ಇಲ್ಲ" ಅಂತ ಹೆಣ್ಣಿಗೆ ನಂಬಿಸೂದು ಇವುಗಳೊಳಗ ಭಾಳ ಸಲ ಬರ್ತದ. ಪಿಯೆರ್ ಲಮೆತ್ರ್ ಅನ್ನವರ 'ಅಲೆಕ್ಸ್' 2011ರಾಗ ಬಂತು. ಒಬ್ಬಾಕೀನ ರಸ್ತಾದಾಗಿಂದ ಎತ್ತಿಕೊಂಡು ಹೋಗಿ ಕಟಗೀ ಪಂಜರದಾಗ ಹಾಕಿ ನೇತು ಹಾಕ್ತಾರ, ಇಲಿ ಬರ್ತಾವ. ಅಲ್ಲಿಗೆ ಪುಸ್ತಕ ಮುಚ್ಚಿ ಟ್ರಂಕಿನ್ಯಾಗ ಇಟ್ಟೆ. ನಾಲ್ಕು ದಿವಸಕ್ಕ ಮತ್ತ ತಗದೆ, ಸುಳ್ಳ ಯಾಕ ಹೇಳ್ಲಿ. ಪುಸ್ತಕದಾಗ ಮೂರು ಭಾಗ ಅವ, ಒಂದೊಂದು ಭಾಗಕ್ಕೂ ಆ ಹೆಣ್ಣಿನ ಬಗ್ಗೆ ನಮ್ಮ ಅಭಿಪ್ರಾಯ ಪೂರಾ ತಿರುಗಾಮುರುಗಾ ಆಗ್ತದ. ಹೆಣಿಗಿ ಗಟ್ಟಿ ಅದ. ಲಮೆತ್ರ್ ಅವರಿಗೆ ಮುಂದ ಬ್ಯಾರೇ ಒಂದು ಕಾದಂಬರಿಗೆ 2013ರಾಗ ಗೊಂಕೂರ್ ಅಂತ ಫ್ರಾನ್ಸಿನ ದೊಡ್ಡ ಪ್ರಶಸ್ತೀನೂ ಬಂತು. ಆದ್ರ ಒಗಟು ಬಿಡಸೂ ಖುಷಿಗೆ ಒಬ್ಬಾಕಿ ಇಷ್ಟು ನರಳಬೇಕೇನು ಅನ್ನೂ ಮಾತು ನನಗ ಇನ್ನೂ ಚುಚ್ಚತದ. ಸಣ್ಣ ಹುಡುಗ್ಯಾರ ಕೈಯಾಗ ಈ ಪುಸ್ತಕ ಕೊಡಬ್ಯಾಡ್ರಿ.

ಮೂರನೇದು ಎಲ್ಲಕ್ಕಿಂತ ದೊಡ್ಡದು. ಭಾಳ ದಿವಸ ನನಗ ಅದು ಹೊಳೀಲೇ ಇಲ್ಲ. ಈ ಕಾದಂಬರಿಗಳೊಳಗ ಯಾರೂ ಯಾರನ್ನೂ ನೆಟ್ಟಗ ಒಂದು ಮಾತು ಕೇಳೂದಿಲ್ಲ! ಕೇಳಿಬಿಟ್ರ ಕಥಿ ಅಲ್ಲೇ ಮುಗದುಹೋಗ್ತದ. ಮಾತು ಬಾಯಿಗೆ ಬಂದಿರ್ತದ, ಅಷ್ಟ್ರಾಗ ಫೋನ್ ಬರ್ತದ, ಬಾಗಲಾ ಬಡೀತಾರ, ಇಲ್ಲಾ ಸೆಟಗೊಂಡು ಸುಮ್ಮನಾಗ್ತಾರ. ಮುನ್ನೂರು ಪುಟದ ಕಟ್ಟಡ ನಿಂತದ್ದು ಆ ಮೌನದ ಮ್ಯಾಲೆ.

ಇದು ಹಳೇ ಕಾಲದಿಂದ ಬಂದ ರೂಢಿ. ಗ್ಯಾಸ್ಟನ್ ಲೆರೂ ಅವರ 'ದ ಮಿಸ್ಟರಿ ಆಫ್ ದ ಯಲ್ಲೋ ರೂಮ್' 1907ರಾಗ ಪತ್ರಿಕಾದಾಗ ಕಂತು ಕಂತಾಗಿ ಬಂದದ್ದು. ಬೀಗಾ ಹಾಕಿದ ಖೋಲಿಯ ಕಥಿಗಳೊಳಗ ಅದು ದೊಡ್ಡ ಹೆಸರು. ಪ್ರೊಫೆಸರ್ ಒಬ್ಬರ ಮಗಳು ಮತಿಲ್ಡ್ ರಾತ್ರಿ ತನ್ನ ಖೋಲಿಯೊಳಗಿಂದ ಚೀರ್ತಾಳ. ಬಾಗಲಾ ಒಳಗಿಂದ ಹಾಕ್ಯದ, ಕಿಡಕಿಗೆ ಸಳಿ ಅವ. ಬಾಗಲಾ ಒಡದು ನೋಡಿದ್ರ ಅಕಿ ರಕ್ತದಾಗ ಬಿದ್ದಾಳ, ಹೊಡದವನು ಮಾತ್ರ ಇಲ್ಲ. ಹದಿನೆಂಟು ವರ್ಷದ ಒಬ್ಬ ಪತ್ರಕರ್ತ ಹುಡುಗ ಬಂದು ಬುದ್ಧಿವಂತಿಕಿಯಿಂದ ಬಿಡಸ್ತಾನ. ಎಲ್ಲಾರೂ ಬಾಗಲಾ ನೋಡ್ತಾರ, ಕಿಡಕಿ ಅಳೀತಾರ, ಹೆಜ್ಜಿ ಗುರುತು ಹುಡುಕ್ತಾರ. ಆದ್ರ ಗಂಟು ಇದ್ದದ್ದು ಬಾಗಲದಾಗಲ್ಲ, ಆ ಹೆಣ್ಣುಮಗಳ ಬಾಯಾಗ. ಅಕಿಗೆ ಎಲ್ಲಾ ಗೊತ್ತದ, ಹೇಳೂದಿಲ್ಲ. ಹೇಳಲಿಕ್ಕೆ ಅಂಜಿಕಿ, ನಾಚಿಕಿ. ಮರ್ಯಾದಿ ಅನ್ನೂದು ಒಳಗಿಂದ ಹಾಕಿದ ಚಿಲಕ ನೋಡ್ರಿ, ಹೊರಗಿನವರು ಎಷ್ಟು ಬಡದ್ರೂ ತಗಿಯೂದಿಲ್ಲ.

ಈಗ ನನ್ನ ತಪ್ಪಿನ ಮಾತಿಗೆ ಬರ್ತೀನಿ. ಗಟ್ಟಿ ಮನಸ್ಸು ಮಾಡಿ ಬರ್ಲಿಕತ್ತೀನಿ.

ಮೂರು ವರ್ಷದ ಹಿಂದ ನಮ್ಮವ್ವ ಹೋದ್ಲು. ಹದಿನಾಲ್ಕರ ದಿನ ಮುಗದಮ್ಯಾಲೆ ಅಕಿ ಸಾಮಾನು ತಗದು ನೋಡಿದ್ವಿ. ಬಂಗಾರದ ಪಾಟ್ಲಿ ಜೋಡು ಇರಲಿಲ್ಲ. ಅಣ್ಣಗ ಗೊತ್ತಿಲ್ಲ, ಅಕ್ಕಗ ಗೊತ್ತಿಲ್ಲ. ವೈನಿ ಏನೂ ಅನ್ನಲಿಲ್ಲ. ನನಗ ಆಗ ಹೊಸದಾಗಿ ಈ ಪುಸ್ತಕದ ರುಚಿ ಹತ್ತಿತ್ತು. ತಲಿಯೊಳಗ ಪತ್ತೇದಾರ ಬಂದು ಕೂತಿದ್ದ. ಮನಿಗೆ ಬಂದು ಹಾಲಿನ ಲೆಕ್ಕದ ಡೈರಿ ಹಿಂದಿನ ಪುಟದಾಗ ಒಂದು, ಎರಡು, ಮೂರು ಅಂತ ಬರದೆ. ಒಂದು, ಅವ್ವನ ಕಪಾಟಿನ ಕೀಲಿ ವೈನಿ ಕಡೆ ಇತ್ತು. ಎರಡು, ಅವ್ವ ಹೋದ ಐದನೇ ದಿವಸಕ್ಕ ವೈನಿ ಒಬ್ರ ಪ್ಯಾಟಿಗೆ ಹೋಗಿ ಎರಡು ತಾಸು ಬಿಟ್ಟು ಬಂದ್ರು. ಮೂರು, ಆ ದಸರಾಕ್ಕ ಅವರ ಮನಿಗೆ ಹೊಸಾ ಫ್ರಿಜ್ ಬಂತು. ನಾಲ್ಕು, ಪಾಟ್ಲಿ ಮಾತು ಬಂದಾಗ ಅವರು ಎದ್ದು ಒಳಗ ಹೋದ್ರು. ಎಷ್ಟು ಚಂದ ಕೂಡಿ ಬಂತು ಅಂದ್ರ ಜಾಪ್ರಿಸೊ ಅವರೂ ಮೆಚ್ಚಬೇಕು. ಅಕ್ಕಗ ಫೋನ್ ಮಾಡಿ ಎಲ್ಲಾ ಓದಿ ಹೇಳಿದೆ. ಅಕ್ಕ ಮತ್ತ ಯಾರಿಗೋ ಹೇಳಿದ್ಲು. ಗೊತ್ತದಲ್ಲ, ನಮ್ಮ ಮಂದಿಯೊಳಗ ಮಾತು ಮೊಸರಿನ ಹೆಪ್ಪು ಇದ್ದಂಗ, ಬೆಳಗಾಗೂದರೊಳಗ ಹರಡ್ತದ. ವೈನಿ ಕಿವಿಗೆ ಹೋತು. ಅವರು ಜಗಳಾಡಲಿಲ್ಲ, ಅಳಲಿಲ್ಲ. ನಮ್ಮ ಮನಿಗೆ ಬರೂದು ಬಿಟ್ರು. ಅಣ್ಣನ ಮಗನ ಮುಂಜಿವಿಗೆ ಕಾರ್ಡ್ ಬಂತು, ಫೋನ್ ಬರಲಿಲ್ಲ. ನಾ ಹೋಗಿ ಅಕ್ಕಿಕಾಳು ಹಾಕಿ, ಊಟಾ ಮಾಡಿ ಬಂದೆ. ವೈನಿ ಎಲಿಗೆ ತುಪ್ಪ ಬಡಿಸಿದ್ರು, ಮಾರಿ ನೋಡಲಿಲ್ಲ.

ಹೋದ ವರ್ಷ ಮಗಳು ಮಿಶೆಲ್ ಬುಸ್ಸಿ ಅನ್ನವರ 'ಆಫ್ಟರ್ ದ ಕ್ರ್ಯಾಶ್' ತಂದು ಕೊಟ್ಲು. ಇವರು ಭೂಗೋಳ ಕಲಿಸೋ ಪ್ರೊಫೆಸರ್ ಇದ್ದವರು, ಫ್ರೆಂಚಿನ್ಯಾಗ 2012ರಾಗ ಬಂದ ಪುಸ್ತಕ. ಕಥಿ ಹಿಂಗದ. 1980ರ ಡಿಸೆಂಬರಿನ್ಯಾಗ ಇಸ್ತಾಂಬುಲ್‌ದಿಂದ ಪ್ಯಾರಿಸ್ಸಿಗೆ ಹೊಂಟ ವಿಮಾನ ಗುಡ್ಡಕ್ಕ ಬಡದು ಎಲ್ಲಾರೂ ಸಾಯ್ತಾರ, ಮೂರು ತಿಂಗಳ ಒಂದು ಹೆಣ್ಣು ಕೂಸು ಮಾತ್ರ ಉಳೀತದ. ವಿಮಾನದಾಗ ಅದ ವಯಸ್ಸಿನ ಎರಡು ಕೂಸು ಇದ್ವು. ಒಂದು ಭಾರಿ ಸಾಹುಕಾರರ ಮೊಮ್ಮಗಳು, ಒಂದು ತಿಂಡಿ ಗಾಡಿ ಇಟಗೊಂಡ ಬಡವರ ಮೊಮ್ಮಗಳು. ಎರಡೂ ಮನಿಯವರು ಕೂಸು ನಮ್ಮದು ಅಂತಾರ. ರಕ್ತದ ಡಿಎನ್ಎ ಪರೀಕ್ಷಾ ಇನ್ನೂ ಬಂದಿರದ ಕಾಲ. ಒಬ್ಬ ಪತ್ತೇದಾರ ಹದಿನೆಂಟು ವರ್ಷ ಹುಡುಕಿ ಹುಡುಕಿ ಒಂದು ವಹಿ ತುಂಬ ಬರದಿಡ್ತಾನ. ಮಜಾ ಏನು ಅಂದ್ರ, ಅಂವಾ ಹುಡುಕಿದ ಒಂದೊಂದು ಸುಳಿವೂ ಎರಡೂ ಕಡೆ ವಾಲ್ತದ. ಯಾರ ಮನಸ್ಸು ಯಾವ ಕಡೆ ಅದನೋ ಅವರಿಗೆ ಸುಳಿವು ಅದ ಕಡೆ ಕೈ ಮಾಡಿ ತೋರಸ್ತದ.

ಆ ವಹಿ ಮಾತು ಓದಿ ನನಗ ಹೊಟ್ಟ್ಯಾಗ ಏನೋ ಆತು. ಎದ್ದು ಹೋಗಿ ಹಳೇ ಹಾಲಿನ ಡೈರಿ ಹುಡುಕಿದೆ. ನಾ ಬರದ ನಾಲ್ಕೂ ಸಾಲನ್ನ ಎದುರು ಪಕ್ಷದವಳಾಗಿ ಓದಿದೆ. ಕೀಲಿ ವೈನಿ ಕಡೆ ಯಾಕಿತ್ತು? ಹಾಸಿಗಿ ಹಿಡದ ಅವ್ವಗ ನಾಲ್ಕು ವರ್ಷ ಮೈ ಒರಸಿ, ಗಂಜಿ ಕುಡಿಸಿದಾಕಿ ವೈನಿ, ಅವ್ವನ ಕೀಲಿ ಕೊಟ್ಟಿದ್ಲು. ನಾ ಆ ನಾಲ್ಕು ವರ್ಷದಾಗ ಎಷ್ಟು ರಾತ್ರಿ ಅಲ್ಲಿ ಮಲಗಿದ್ದೆ? ಬೆರಳು ಮಡಚಿ ಎಣಸಬಹುದು. ಐದನೇ ದಿವಸ ಪ್ಯಾಟಿಗೆ ಯಾಕ ಹೋದ್ರು? ಮುಂದಿನ ದಿನಗಳ ಸಾಮಾನು ತರ್ಲಿಕ್ಕೆ ಮನ್ಯಾಗ ಇನ್ಯಾರಿದ್ರು? ಫ್ರಿಜ್ ಕಂತಿನ ಮ್ಯಾಲೆ ತಗೊಂಡದ್ದು ಅಂತ ಅಣ್ಣ ಅವಾಗ ಹೇಳಿದ್ದ, ನಾ ಅದನ್ನ ಬರಕೊಂಡಿರಲಿಲ್ಲ. ಮತ್ತ ಪಾಟ್ಲಿ ಮಾತು ಬಂದಾಗ ಎದ್ದು ಒಳಗ ಹೋದದ್ದು? ನಾಲ್ಕು ವರ್ಷ ಸೇವಾ ಮಾಡಿದಾಕಿ ಮುಂದ, ಚಿತಿ ಆರೂದಕ್ಕ ಮೊದಲ ಹೆಣ್ಣುಮಕ್ಕಳಿಬ್ಬರೂ ಬಂಗಾರದ ಮಾತು ತಗದ್ರ ಯಾರು ಕೂಡ್ತಾರ? ಚುಕ್ಕಿ ಅವ ಇದ್ವು. ರಂಗೋಲಿ ಬ್ಯಾರೆ ಆತು.

ಕಾದಂಬರಿ ಆಗಿದ್ರ ಈಗ ಪಾಟ್ಲಿ ಸಿಗಬೇಕಿತ್ತು. ಸಿಕ್ಕಿಲ್ಲ. ಅವ್ವನ ಯಾವಾಗೋ ಮಾರಿದ್ಲೋ, ಯಾರಿಗೋ ಅಡಚಣಿಗೆ ಕೊಟ್ಲೋ, ಎಲ್ಲೆರೆ ಕಳೀತೋ, ಇವತ್ತಿಗೂ ಗೊತ್ತಿಲ್ಲ, ಇನ್ನ ಗೊತ್ತಾಗೂದೂ ಇಲ್ಲ. ಮನಿ ಅಂದ್ರ ಕೊನೀ ಪುಟ ಹರದುಹೋದ ಪುಸ್ತಕ. ಉತ್ತರ ಇಲ್ಲದನ ಅದರೊಳಗ ಇರೂದು ಕಲೀಬೇಕು.

ವೈನಿಗೆ ಫೋನ್ ಮಾಡಿದೆ. ಹೆಂಗ ಮಾತು ತಗೀಬೇಕು ಅಂತ ತಿಳೀದ ಡೈರಿ ವಿಷಯ ಅಷ್ಟೂ ಹೇಳಿಬಿಟ್ಟೆ. ಅವರು ಭಾಳ ಹೊತ್ತು ಸುಮ್ಮನಿದ್ರು. ಆಮ್ಯಾಲೆ ಹೇಳಿದ್ರು, "ಪಾಟ್ಲಿ ನಾ ನೋಡಿ ಐದಾರು ವರ್ಷ ಆಗಿತ್ತು. ನೀ ಅವತ್ತ ನನ್ನ ಒಂದು ಮಾತು ಕೇಳಿದ್ರ ಇಷ್ಟ ಹೇಳ್ತಿದ್ದೆ. ಕೇಳ್ತೀ ಅಂತ ದಾರಿ ನೋಡಿದೆ." ಅಷ್ಟ ಅಂದ್ರು. ಫೋನ್ ಇಟ್ಟಮ್ಯಾಲೆ ದೇವರ ಮನ್ಯಾಗ ಹೋಗಿ ಕೂತೆ.

ಈಗ ಅಂತೀರಿ, ಹಂಗಾರ ಈ ಪುಸ್ತಕ ಓದೂದು ಬಿಟ್ಯೇನು? ಇಲ್ಲ, ಬಿಟ್ಟಿಲ್ಲ. ಚೂರಿಯಿಂದ ಕೈ ಕೊಯ್ಕೊಂಡ್ರ ಕಾಯಿಪಲ್ಯ ಹೆಚ್ಚೂದು ಬಿಡ್ತೀವೇನು? ಯಾವುದನ್ನ ಹೆಂಗ ಓದಬೇಕು ಅಂತ ಕಲತೆ. ಗುಟ್ಟು ತಿಳದಮ್ಯಾಲೂ ಮತ್ತೊಮ್ಮೆ ಓದಬೇಕು ಅನಸ್ತದೋ ಇಲ್ಲೋ ನೋಡ್ತೀನಿ. ಇದಕ್ಕ ಒಂದು ಛಲೋ ಉದಾಹರಣಿ ಅದ. ಬ್ವಾಲೋ ನಾರ್ಸೆಜಾಕ್ ಇಬ್ಬರೂ 1954ರಾಗ ಇನ್ನೊಂದು ಕಾದಂಬರಿ ಬರದ್ರು. ಎತ್ತರ ಕಂಡ್ರ ಅಂಜೂ ಒಬ್ಬ ಹಳೇ ಪೊಲೀಸ, ಗೆಳ್ಯಾನ ಹೇಣ್ತಿ ಹಿಂದ ಹಿಂದ ತಿರಗ್ತಾನ, ಅಕಿ ಮ್ಯಾಲೆ ಮನಸ್ಸಿಡ್ತಾನ, ಅಕೀನ ಕಳಕೋತಾನ. ಅದರ ಮ್ಯಾಲೆ ಹಿಚ್‌ಕಾಕ್ ಅವರು 1958ರಾಗ 'ವರ್ಟಿಗೊ' ಸಿನಿಮಾ ತಗದ್ರು. ಪುಸ್ತಕದಾಗ ಗುಟ್ಟು ಕೊನೀತನಕ ಮುಚ್ಚಿಟ್ಟಾರ. ಹಿಚ್‌ಕಾಕ್ ಅವರು ಸಿನಿಮಾ ಇನ್ನೂ ಸಾಕಷ್ಟು ಬಾಕಿ ಇರೂಮುಂದನ ಗುಟ್ಟು ನಮಗ ಹೇಳಿಬಿಡ್ತಾರ! ಹೇಳಿದಮ್ಯಾಲೂ ನಾವು ಏಳೂದಿಲ್ಲ, ನೋಡಕೋತ ಕೂಡ್ತೀವಿ. ಯಾಕಂದ್ರ ಈಗ "ಯಾರು ಮಾಡಿದ್ರು" ಅನ್ನೂದು ಬ್ಯಾಡಾಗ್ಯದ, "ಪಾಪ, ಇವರಿಬ್ಬರ ಗತಿ ಏನು" ಅನ್ನೂದು ಬೇಕಾಗ್ಯದ. ಎದುರುಮನಿ ಕಾಕು ಪ್ರಶ್ನೆ ಇದ.

ನೀವು ಒಂದ ಒಂದು ಪುಸ್ತಕ ಓದ್ತೀರಿ ಅಂದ್ರ ನಾ ಹೇಳೂದು ಜಾಪ್ರಿಸೊ ಅವರ 1991ರ 'ಎ ವೆರಿ ಲಾಂಗ್ ಎಂಗೇಜ್‌ಮೆಂಟ್'. ಇದರಾಗಿನ ನಾಯಕಿ ಹೆಸರೂ ಮತಿಲ್ಡ್. ಸಣ್ಣಾಕಿ ಇದ್ದಾಗ ಬಿದ್ದು ಕಾಲು ಹೋಗ್ಯಾವ, ಗಾಲಿ ಕುರ್ಚಿ ಮ್ಯಾಲಿರ್ತಾಳ. 1917ರ ಜನೇವರಿಯೊಳಗ, ಮೊದಲನೇ ಮಹಾಯುದ್ಧದಾಗ, ಯುದ್ಧಕ್ಕ ಹೆದರಿ ತಮ್ಮ ಕೈಗೆ ತಾವ ಗಾಯ ಮಾಡಿಕೊಂಡ್ರು ಅಂತ ಐದು ಮಂದಿ ಸಿಪಾಯಿಗಳಿಗೆ ಶಿಕ್ಷಾ ಆಗ್ತದ. ಕೈ ಕಟ್ಟಿ, ಎರಡೂ ಸೈನ್ಯದ ನಡುವಿನ ಬಯಲಾಗ ಬಿಟ್ಟುಬಿಡ್ತಾರ. ಅವರೊಳಗ ಒಬ್ಬಂವ ಈಕಿಗೆ ನಿಶ್ಚಯ ಆದ ಹುಡುಗ. ಸತ್ತ ಅಂತ ಕಾಗದ ಬರ್ತದ. ಈಕಿ ನಂಬೂದಿಲ್ಲ. ಆ ಐದೂ ಮಂದಿ ಹೇಣ್ತ್ಯಾರಿಗೆ, ಗೆಳ್ಯಾರಿಗೆ, ಸಾರ್ಜಂಟಗ, ಎಲ್ಲಾರಿಗೂ ಪತ್ರ ಬರದು ಬರದು ಕೇಳ್ತಾಳ. ಒಬ್ಬರು ಒಂದು ಹೇಳ್ತಾರ, ಇನ್ನೊಬ್ಬರು ಇನ್ನೊಂದು ಹೇಳ್ತಾರ. ಬೇಜಾರಿಲ್ಲದ ಮತ್ತ ಕೇಳ್ತಾಳ, ವರ್ಷಗಟ್ಟಲೆ. ಒಗಟು ಅಷ್ಟೇ ಬಿಗಿ ಅದ, ಬೂಟು, ಕೈಚೀಲ, ಪತ್ರ ಎಲ್ಲಾ ನೆನಪಿಡಬೇಕು. ಆದ್ರ ಇಲ್ಲಿ ಒಗಟು ಬಿಗಿ ಆಗಿದ್ದು ಯಾರೋ ಬುದ್ಧಿವಂತಿಕಿ ತೋರಸ್ಲಿಕ್ಕೆ ಅಲ್ಲ, ಯುದ್ಧ ಎಲ್ಲಾರ ಬಾಯಿ ಕಟ್ಟಿತ್ತು ಅಂತ. 1907ರ ಮತಿಲ್ಡ್ ಬಾಯಿ ಮುಚ್ಚಿದ್ಲು, ಅದಕ್ಕ ಗಂಟು ಬಿತ್ತು. 1991ರ ಮತಿಲ್ಡ್ ಬಾಯಿ ಬಿಟ್ಟು ಕೇಳಿದ್ಲು, ಗಂಟು ಬಿಚ್ಚಿತು. ನನಗ ಈ ಎರಡನೇ ಮತಿಲ್ಡ್ ಆಗಬೇಕು ಅನಸ್ತದ.

ಅದಕ್ಕ ನನ್ನ ಅಭಿಪ್ರಾಯ ಇಷ್ಟು. ಓದ್ರಿ, ಹಾಲು ಉಕ್ಕಿದ್ರ ಉಕ್ಕಲಿ. ಮೋಸ ಹೋಗ್ರಿ, ಮಜಾ ತಗೊಳ್ರಿ. ಆದ್ರ ಪುಸ್ತಕ ಮುಚ್ಚೂಮುಂದ ಆ ಪತ್ತೇದಾರನ್ನ ಒಳಗೇ ಬಿಟ್ಟು ಬರ್ರಿ. ಮನಿ ಮಂದಿ ಸುಳಿವಲ್ಲ. ಸೊಸಿ ಸುಮ್ಮನಿದ್ರ ಅದಕ್ಕ ಹತ್ತು ಅರ್ಥ ಕಟ್ಟಬ್ಯಾಡ್ರಿ, "ಯಾಕವಾ, ತಲಿ ನೋಯಸ್ಲಿಕತ್ತದೇನು?" ಅಂತ ಕೇಳ್ರಿ. ಕೇಳಿದ್ರ ಕಥಿ ಕೆಡ್ತದ ಖರೇ, ಮನಿ ಉಳೀತದ.

ವೈನಿ, ನೀವೂ ಇದನ್ನ ಓದ್ತೀರಿ ಅಂತ ನನಗ ಗೊತ್ತದ. ಫೋನಿನ್ಯಾಗ ಒಮ್ಮೆ ಹೇಳೀನಿ, ಆದ್ರ ನಿಮ್ಮ ಮ್ಯಾಲಿನ ಮಾತು ಹತ್ತು ಮಂದಿ ಕಿವಿಗೆ ಹೋಗಿತ್ತು, ಅದಕ್ಕ ತಪ್ಪಾತು ಅನ್ನೂದನ್ನೂ ಹತ್ತು ಮಂದಿ ಮುಂದ ಹೇಳಬೇಕು. ತಪ್ಪಾತು. ಬರೋ ಶುಕ್ರವಾರ ನಮ್ಮಲ್ಲೆ ಹಪ್ಪಳಾ ಹಾಕೂದದ. ಬರ್ತೀರೇನು? ನಾ ಊಹಾ ಮಾಡ್ಲಿಕ್ಕೆ ಹೋಗೂದಿಲ್ಲ, ನಿಮ್ಮನ್ನ ಕೇಳ್ಲಿಕತ್ತೀನಿ.